ಪ್ರೌಢಶಾಲೆಯ ಅಣಕು ವಿಚಾರಣೆಯೂ ಕಾನೂನಿನ ಶಿಕ್ಷಣವೂ

‘ಅಣಕು ನ್ಯಾಯಾಲಯ’ ಎಂಬ ಹೆಸರು ನಮ್ಮಲ್ಲಿ ಎರಡು ಬೇರೆ ಬೇರೆ ಅಭ್ಯಾಸಗಳಿಗೆ ಸಲ್ಲುತ್ತ ಬಂದಿದೆ. ಅವುಗಳ ಭೇದವನ್ನು ಮೊದಲಲ್ಲಿಯೇ ಗುರುತಿಸಿಕೊಳ್ಳದಿದ್ದರೆ ಮುಂದಿನ ವಿವೇಚನೆ ತೊಡಕಾದೀತು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಂತೆ ನಮ್ಮ ಕಾನೂನು ಕಾಲೇಜುಗಳ ಪಠ್ಯಕ್ರಮದಲ್ಲಿ ಸೇರಿರುವ ಅಭ್ಯಾಸವು ಬಹುಮಟ್ಟಿಗೆ ಮೇಲ್ಮನವಿಯ ನ್ಯಾಯಾಲಯದ ಅನುಕರಣೆ. ಅಲ್ಲಿ ಸಂಗತಿಗಳೆಲ್ಲ ಮೊದಲೇ ನಿಶ್ಚಿತವಾಗಿರುತ್ತವೆ; ಆ ಸಂಗತಿಗಳಿಗೆ ಅನ್ವಯಿಸುವ ಕಾನೂನು ಯಾವುದು, ಅದರ ಅರ್ಥವೇನು ಎಂಬಷ್ಟೇ ವಾದದ ವಿಷಯ. ಸಾಕ್ಷಿಗಳಿಲ್ಲ, ಪಾಟೀಸವಾಲಿಲ್ಲ. ಇದನ್ನು ಇಂಗ್ಲಿಷಿನಲ್ಲಿ ‘ಮೂಟ್’ ಎನ್ನುತ್ತಾರೆ. ಎರಡನೆಯದು ‘ಮಾಕ್ ಟ್ರಯಲ್’. ಇದು ಕೆಳಗಿನ ನ್ಯಾಯಾಲಯದ ವಿಚಾರಣೆಯ ಅನುಕರಣೆ. ಇಲ್ಲಿ ಕಾನೂನಿನ ಬಗೆಗೆ ಹೆಚ್ಚಿನ ವಿವಾದವಿರುವುದಿಲ್ಲ. ನಡೆದದ್ದೇನು ಎಂಬುದೇ ವಿವಾದ. ಅದನ್ನು ಸಾಕ್ಷಿಗಳ ಬಾಯಿಂದಲೇ ಹೊರಡಿಸಬೇಕು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪ್ರೌಢಶಾಲೆಗಳಲ್ಲಿ, ಹದಿನಾಲ್ಕರಿಂದ ಹದಿನೆಂಟು ವಯಸ್ಸಿನ ವಿದ್ಯಾರ್ಥಿಗಳ ನಡುವೆ, ವರ್ಷಂಪ್ರತಿ ಸ್ಪರ್ಧೆಯಾಗಿ ನಡೆಯುವುದು ಈ ಎರಡನೆಯದು. ಪ್ರಕೃತ ಲೇಖನದಲ್ಲಿ ಇದನ್ನು ನಾವು ‘ಅಣಕು ವಿಚಾರಣೆ’ ಎಂದು ಕರೆಯುತ್ತೇವೆ. ‘ಅಣಕು’ ಎಂಬ ಮಾತಿನಲ್ಲಿ ಪರಿಹಾಸದ ಛಾಯೆಯೊಂದುಂಟು. ಅದು ಈ ಅಭ್ಯಾಸಕ್ಕೆ ನ್ಯಾಯ ಮಾಡುವುದಿಲ್ಲ. ಆದರೂ ರೂಢಿಗೆ ಬಂದ ಪದವನ್ನು ಬಿಟ್ಟು ಹೊಸದನ್ನು ಟಂಕಿಸುವ ಉತ್ಸಾಹ ನಮಗಿಲ್ಲ.

ಈ ಪದ್ಧತಿಯ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. ವಕೀಲರಾಗಲು ಹೊರಡದ ಸಾಮಾನ್ಯ ಬಾಲಕರಿಗೂ ಕಾನೂನಿನ ತಿಳಿವಳಿಕೆ ಬೇಕೆಂಬ ಅಭಿಪ್ರಾಯವು ಅಮೆರಿಕದಲ್ಲಿ 1960 ಮತ್ತು 1970ರ ದಶಕಗಳಲ್ಲಿ ಬಲವಾಯಿತು. ಅಲ್ಲಿಯ ವಕೀಲರ ಸಂಘವು 1971ರಲ್ಲಿ ತರುಣರ ಪೌರಶಿಕ್ಷಣಕ್ಕಾಗಿ ಒಂದು ವಿಶೇಷ ಸಮಿತಿಯನ್ನು ನೇಮಿಸಿತು. 1972ರಲ್ಲಿ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದ ಕಾನೂನು ವಿದ್ಯಾರ್ಥಿಗಳು ನಗರದ ಪ್ರೌಢಶಾಲೆಗಳಿಗೆ ಹೋಗಿ ಬಾಡಿಗೆ, ಸಾಲ, ಬಂಧನ, ಕುಟುಂಬ ಮೊದಲಾದ ದಿನಬಳಕೆಯ ಕಾನೂನನ್ನು ಕಲಿಸತೊಡಗಿದರು. ‘ಸ್ಟ್ರೀಟ್ ಲಾ’, ಎಂದರೆ ‘ಬೀದಿಯ ಕಾನೂನು’, ಎಂದು ಹೆಸರಾದ ಆ ಪಾಠಕ್ರಮದಲ್ಲಿ ಅಣಕು ವಿಚಾರಣೆಗೆ ಮುಖ್ಯ ಸ್ಥಾನವಿತ್ತು. 1978ರಲ್ಲಿ ಅಮೆರಿಕದ ಕಾಂಗ್ರೆಸ್ಸು ಇಂಥ ಶಿಕ್ಷಣಕ್ಕೆ ನೆರವಾಗುವ ಶಾಸನವನ್ನೇ ಮಾಡಿತು. ರಾಜ್ಯ ರಾಜ್ಯಗಳಲ್ಲಿ ವಕೀಲರ ಸಂಘಗಳು ಸ್ಪರ್ಧೆಗಳನ್ನು ಏರ್ಪಡಿಸಿದವು. 1984ರಲ್ಲಿ ಅಯೋವಾ ರಾಜ್ಯದ ಡಿ ಮಾಯ್ನ್ ನಗರದಲ್ಲಿ ಅಯೋವಾ ಮತ್ತು ಅದರ ನೆರೆಯ ನಾಲ್ಕು ರಾಜ್ಯಗಳ ತಂಡಗಳು ಸೇರಿ ಮೊದಲನೆಯ ರಾಷ್ಟ್ರೀಯ ಸ್ಪರ್ಧೆಯನ್ನು ನಡೆಸಿದವು. ವಿಯಟ್ನಾಂ ಯುದ್ಧವನ್ನು ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದ ಮಕ್ಕಳ ಪರವಾಗಿ ಅಮೆರಿಕದ ಸುಪ್ರೀಂ ಕೋರ್ಟು 1969ರಲ್ಲಿ ತೀರ್ಪಿತ್ತ ಪ್ರಸಿದ್ಧ ಟಿಂಕರ್ ಪ್ರಕರಣವು ಹುಟ್ಟಿದ್ದೂ ಇದೇ ಊರಿನಲ್ಲಿ. ಇದು ಕಾಕತಾಳೀಯವೇ ಇರಬಹುದು. ಆದರೂ ಸಂಗತಿ ಸ್ವಾರಸ್ಯವಾದದ್ದು.

ಇನ್ನು ಸ್ಪರ್ಧೆಯ ಕ್ರಮ. ವರ್ಷದ ಆದಿಯಲ್ಲಿ ಸಂಘಟಕರು ಎಲ್ಲ ಶಾಲೆಗಳಿಗೂ ಒಂದೇ ಪ್ರಕರಣದ ಕಡತವನ್ನು ಕೊಡುತ್ತಾರೆ. ಅದರಲ್ಲಿ ದೋಷಾರೋಪ ಅಥವಾ ದಾವೆಯ ಪತ್ರ, ಎರಡು ಪಕ್ಷಗಳ ಸಾಕ್ಷಿಗಳ ಪ್ರಮಾಣಪೂರ್ವಕ ಹೇಳಿಕೆಗಳು, ನಿಶಾನೆಯಾಗಬಲ್ಲ ದಾಖಲೆಗಳು, ಉಭಯಪಕ್ಷಗಳೂ ಒಪ್ಪಿದ ಸಂಗತಿಗಳು, ಅನ್ವಯಿಸುವ ಕಾನೂನು, ಸರಳಗೊಳಿಸಿದ ಸಾಕ್ಷ್ಯ ನಿಯಮಗಳು ಇಷ್ಟೂ ಇರುತ್ತವೆ. ರಾಷ್ಟ್ರೀಯ ಸ್ಪರ್ಧೆಯಲ್ಲಿ ಒಂದು ವಿಚಾರಣೆಗೆ ಒಂದು ತಂಡದಿಂದ ಮೂವರು ವಕೀಲರು, ಮೂವರು ಸಾಕ್ಷಿಗಳು. ಉಪಾಧ್ಯಾಯರೊಬ್ಬರೂ ವಕೀಲರೊಬ್ಬರೂ ಅವರನ್ನು ತಿಂಗಳುಗಟ್ಟಲೆ ಸಿದ್ಧಗೊಳಿಸುತ್ತಾರೆ. ಆದರೆ ವಿಚಾರಣೆ ಆರಂಭವಾದ ಮೇಲೆ ತಂಡದೊಡನೆ ಒಂದು ಮಾತನ್ನೂ ಆಡುವಂತಿಲ್ಲ. ನಿಜವಾದ ನ್ಯಾಯಾಲಯದ ಭವನದಲ್ಲಿ, ನಿಜವಾದ ನ್ಯಾಯಾಧೀಶರ ಅಥವಾ ಹಿರಿಯ ವಕೀಲರ ಎದುರಿನಲ್ಲಿ, ಆರಂಭದ ನಿವೇದನೆ, ಮುಖ್ಯ ವಿಚಾರಣೆ, ಪಾಟೀಸವಾಲು, ಅಂತಿಮ ವಾದ ಇವು ಕ್ರಮವಾಗಿ ನಡೆಯುತ್ತವೆ. ಪ್ರತಿಯೊಂದು ಭಾಗಕ್ಕೂ ನಿಮಿಷಗಳ ಮಿತಿಯುಂಟು. ಕ್ಯಾಲಿಫೋರ್ನಿಯದಲ್ಲಿ ಇದಕ್ಕೆ ಪೂರ್ವಭಾವಿಯಾಗಿ ಸಂವಿಧಾನಕ್ಕೆ ಸಂಬಂಧಪಟ್ಟ ಒಂದು ಪ್ರಶ್ನೆಯ ಮೇಲೂ ವಾದ ನಡೆಯುವುದುಂಟು. ಉದಾಹರಣೆಗೆ, ಪೋಲೀಸರು ಶೋಧಿಸಿ ತಂದ ವಸ್ತುವನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದೇ ಎಂಬುದು. ಮೂಟಿನ ಗುಣವನ್ನು ಈ ರೀತಿ ವಿಚಾರಣೆಯೊಳಕ್ಕೆ ಸೇರಿಸಿರುವುದು ಮೆಚ್ಚತಕ್ಕ ಏರ್ಪಾಡು.

ಇದರಿಂದ ಬಾಲಕನು ಕಲಿಯುವುದೇನು? ವಾಕ್ಪಟುತ್ವ, ಸಭಾಧೈರ್ಯ ಎಂದು ಸಾಮಾನ್ಯವಾಗಿ ಉತ್ತರ ಬರುತ್ತದೆ. ಅವು ಚರ್ಚಾಸ್ಪರ್ಧೆಯಿಂದಲೂ ನಾಟಕದಿಂದಲೂ ಬರತಕ್ಕವೇ. ಅಣಕು ವಿಚಾರಣೆಗೆ ವಿಶಿಷ್ಟವಾದ ಲಾಭ ಬೇರೆಯೇ ಒಂದುಂಟು. ಅದನ್ನು ವಿಶದಪಡಿಸಲು ನಾವೇ ಒಂದು ಪ್ರಕರಣವನ್ನು ಕಲ್ಪಿಸಿಕೊಳ್ಳೋಣ. ಮುಚ್ಚಂಜೆಯ ಹೊತ್ತು, ಚೌಕದಲ್ಲಿ ಕಾರೊಂದು ಸೈಕಲ್ ಸವಾರನಿಗೆ ಬಡಿದಿದೆ, ಕಾರು ನಡೆಸುತ್ತಿದ್ದ ಹುಡುಗನ ಮೇಲೆ ಅಜಾಗರೂಕತೆಯ ಆರೋಪ. ಎದುರಿನ ಅಂಗಡಿಯವನ ಹೇಳಿಕೆಯಲ್ಲಿ ಮೂರು ವಾಕ್ಯಗಳಿವೆ: ಕಾರು ಬಹಳ ವೇಗವಾಗಿ ಬಂತು, ದಾರಿದೀಪ ಕೆಂಪಾಗಿತ್ತು, ಹುಡುಗ ಕುಡಿದಿದ್ದನೆಂದು ತನ್ನ ಅಂಗಡಿಯ ಕೆಲಸದಾಕೆ ಹೇಳಿದಳು. ಓದುವವನಿಗೆ ಮೂರೂ ಒಂದೇ ತೂಕದ ಮಾತುಗಳು. ಪತ್ರಿಕೆಯಲ್ಲಿ ಹೀಗೆ ಅಚ್ಚಾಗಿದ್ದರೆ ನಾವೆಲ್ಲ ಒಪ್ಪಿಕೊಂಡು ಮುಂದಿನ ಸುದ್ದಿಗೆ ಹೋಗುತ್ತಿದ್ದೆವು. ನ್ಯಾಯಾಲಯದಲ್ಲಿ ಇವು ಮೂರು ಬೇರೆ ಬೇರೆ ಜಾತಿಯವು.

ಹದಿನೈದು ವರ್ಷದ ವಕೀಲನು ಮೊದಲು ಕೇಳುವ ಪ್ರಶ್ನೆ ಬಹುಶಃ ಇದು: “ಕಾರು ಅತಿ ವೇಗವಾಗಿ ಬಂತಲ್ಲವೆ?” ಎದುರಿನವನು ಎದ್ದು ನಿಲ್ಲುತ್ತಾನೆ: ಸೂಚಕ ಪ್ರಶ್ನೆ, ಆಕ್ಷೇಪಣೆ. ನ್ಯಾಯಾಧೀಶರು ಆಕ್ಷೇಪಣೆಯನ್ನು ಎತ್ತಿಹಿಡಿಯುತ್ತಾರೆ. ತನ್ನ ಸಾಕ್ಷಿಯ ಬಾಯಲ್ಲಿ ತಾನೇ ಮಾತಿಡುವಂತಿಲ್ಲ. ಆಗ ಅವನು ಹಿಂದಕ್ಕೆ ಹೋಗಿ ಬುನಾದಿ ಹಾಕಬೇಕು. ನೀವು ಎಲ್ಲಿ ನಿಂತಿದ್ದಿರಿ? ಅಲ್ಲಿಂದ ಚೌಕಕ್ಕೆ ಎಷ್ಟು ದೂರ? ನಡುವೆ ಮರೆಯೇನಾದರೂ ಇತ್ತೇ? ಆಗ ಏನು ಕಂಡಿರಿ? ಇಷ್ಟು ಮೆಟ್ಟಿಲುಗಳನ್ನು ಹತ್ತಿದ ಮೇಲೆಯೇ ವೇಗದ ಬಗೆಗೆ ಸಾಕ್ಷಿಯ ಅಭಿಪ್ರಾಯಕ್ಕೆ ಬೆಲೆ. ದೀಪದ ಬಣ್ಣ ಕಣ್ಣಾರೆ ಕಂಡ ಸಂಗತಿ, ಅದು ಸುಲಭ. ಮೂರನೆಯದು ಅಂಗಡಿಯವನು ಕಂಡದ್ದಲ್ಲ, ಕೇಳಿದ್ದು. ಕೆಲಸದಾಕೆಯೇ ಬಂದು ಪ್ರಮಾಣ ಮಾಡಿ ಹೇಳಬೇಕು. ಅವಳು ಸಾಕ್ಷಿಗಳ ಪಟ್ಟಿಯಲ್ಲಿ ಇಲ್ಲದಿದ್ದರೆ, ಇಡೀ ಕಡತದಲ್ಲಿ ಅತ್ಯಂತ ಆಕರ್ಷಕವಾಗಿ ಕಂಡ ಆ ವಾಕ್ಯ ಅವನ ಕೈಬಿಟ್ಟು ಹೋಗುತ್ತದೆ.

ಪಾಟೀಸವಾಲಿಗೆ ಬಂದಾಗ ನಿಯಮ ತಲೆಕೆಳಗಾಗುತ್ತದೆ. ಇಲ್ಲಿ ಸೂಚಕ ಪ್ರಶ್ನೆಗಳೇ ಬೇಕು. “ಆ ಹೊತ್ತಿಗೆ ನೀವು ಗಿರಾಕಿಗೆ ಚಿಲ್ಲರೆ ಎಣಿಸಿ ಕೊಡುತ್ತಿದ್ದಿರಿ, ಹೌದೆ?” ಹೌದು. “ಎಣಿಸುವಾಗ ನಿಮ್ಮ ಕಣ್ಣು ಚಿಲ್ಲರೆಯ ಮೇಲಿತ್ತು?” ಹೌದು. ಚತುರನಾದವನು ಇಲ್ಲಿಗೆ ಕುಳಿತುಕೊಳ್ಳುತ್ತಾನೆ. ಗೆದ್ದ ಹುಮ್ಮಸ್ಸಿನಲ್ಲಿ “ಹಾಗಾದರೆ ಕಾರು ಬಂದದ್ದನ್ನು ಹೇಗೆ ನೋಡಿದಿರಿ?” ಎಂದು ಇನ್ನೊಂದು ಪ್ರಶ್ನೆಯನ್ನು ಕೇಳಿದವನಿಗೆ “ಹಾರನ್ನಿನ ಸದ್ದಿಗೆ ತಲೆಯೆತ್ತಿದೆ, ಆಮೇಲೆ ಕಾರು ಚೌಕಕ್ಕೆ ನುಗ್ಗಿತು” ಎಂಬ ಉತ್ತರ ಬಂದು, ಕಟ್ಟಿದ್ದೆಲ್ಲ ಕುಸಿಯುತ್ತದೆ. ಬಲ್ಲ ವಕೀಲರು ವರ್ಷಗಳ ಅನುಭವದಿಂದ ಕಲಿತ ಈ ಸಂಯಮವನ್ನು ಶಾಲೆಯ ಹುಡುಗಿಯೊಬ್ಬಳು ಒಂದೇ ಮಧ್ಯಾಹ್ನದಲ್ಲಿ, ಕೆಲವು ಅಂಕಗಳ ಬೆಲೆ ತೆತ್ತು ಕಲಿಯುತ್ತಾಳೆ.

ಕಡತವೇ ಲೋಕವೆಂಬ ನಿಯಮ ಇಲ್ಲಿ ಬಹಳ ಮುಖ್ಯವಾದದ್ದು. ಅಂಗಡಿಯವನಿಗೆ ಕಣ್ಣು ಮಂದವೆಂದು ಹೇಳಿಕೆಯಲ್ಲಿಲ್ಲದಿದ್ದರೆ ಹಾಗೆಂದು ಕಲ್ಪಿಸಿ ಹೇಳುವಂತಿಲ್ಲ. ತನ್ನ ಪಕ್ಷಕ್ಕೆ ಅನುಕೂಲವಾಗುವ ಹೊಸ ಸಂಗತಿಯನ್ನು ಸಾಕ್ಷಿ ಸೃಷ್ಟಿಸಿದರೆ ಎದುರು ಪಕ್ಷದವರು ಆ ಹೇಳಿಕೆಯ ಕಾಗದವನ್ನೇ ಅವನ ಕೈಗೆ ಕೊಟ್ಟು, ಈ ಮಾತು ಇದರಲ್ಲಿ ಎಲ್ಲಿದೆ ತೋರಿಸಿ ಎನ್ನುತ್ತಾರೆ. ಇದನ್ನು ಕೆಲವರು ಆಟದ ಕೃತಕತೆ ಎಂದಾರು. ನಮ್ಮ ಅಭಿಪ್ರಾಯದಲ್ಲಿ ಇದೇ ಆಟದ ಜೀವ. ನ್ಯಾಯಾಲಯಕ್ಕೂ ಲೋಕವೆಂದರೆ ಕಡತದಲ್ಲಿ ಸೇರಿದ್ದು ಮಾತ್ರ. ಹೊರಗೆ ಎಲ್ಲರೂ ಬಲ್ಲ ಸಂಗತಿಯೂ ಕ್ರಮವಾಗಿ ಒಳಗೆ ಬಾರದಿದ್ದರೆ ಅಲ್ಲಿ ಇಲ್ಲದಂತೆಯೇ. ‘ನಿನಗೆ ಹೇಗೆ ಗೊತ್ತು?’ ಎಂಬ ಪ್ರಶ್ನೆಯನ್ನು ಪ್ರತಿಯೊಂದು ವಾಕ್ಯಕ್ಕೂ ಹಾಕುವ ಅಭ್ಯಾಸವನ್ನು ಪೌರನೀತಿಯ ಯಾವ ಪಠ್ಯಪುಸ್ತಕವೂ ಇಷ್ಟು ಚೆನ್ನಾಗಿ ಕಲಿಸಲಾರದು. ‘ಸಾಕ್ಷಿ’ ಎಂಬ ಪದಕ್ಕೆ ಸಾಕ್ಷಾತ್ತಾಗಿ ಕಂಡವನು ಎಂದೇ ಸಂಸ್ಕೃತ ವೈಯಾಕರಣರು ವ್ಯುತ್ಪತ್ತಿ ಹೇಳಿದ್ದಾರೆ. ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕೆಂಬ 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 60ನೆಯ ಪ್ರಕರಣವು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿಯೂ ಉಳಿದುಕೊಂಡಿದೆ. ನಿಯಮ ನಮಗೆ ಹೊಸದಲ್ಲ. ಅದನ್ನು ಬಾಲ್ಯದಲ್ಲಿ ಬಾಯಿಂದ ಬಳಸಿ ಕಲಿಯುವ ಕ್ರಮ ಮಾತ್ರ ಹೊಸದು.

ಈ ಸ್ಪರ್ಧೆಯ ಮೇಲೆ ಬರುವ ಒಂದು ಗಂಭೀರವಾದ ಆಕ್ಷೇಪವನ್ನು ಇಲ್ಲಿ ಪರಿಶೀಲಿಸಬೇಕು. ಪ್ರತಿಯೊಂದು ತಂಡವೂ ಬೆಳಗ್ಗೆ ಅಭಿಯೋಗದ ಪರವಾಗಿಯೂ ಮಧ್ಯಾಹ್ನ ಆಪಾದಿತನ ಪರವಾಗಿಯೂ ವಾದಿಸಬೇಕಾಗುತ್ತದೆ. ತನಗೆ ನಿಜವೆಂದು ತೋರಿದ್ದನ್ನು ಬಿಟ್ಟು, ಸರದಿಯಂತೆ ಎರಡು ಬಾಯಲ್ಲಿ ಮಾತನಾಡುವುದನ್ನು ಎಳೆಯರಿಗೆ ಕಲಿಸುವುದು ಸರಿಯೇ? ನಮ್ಮ ನ್ಯಾಯದರ್ಶನದವರು ಈ ಪ್ರಶ್ನೆಯನ್ನು ಬಲ್ಲವರಾಗಿದ್ದರು. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ, ಜಯಕ್ಕಾಗಿ ನಡೆಯುವುದು ಜಲ್ಪ, ತನ್ನ ಪಕ್ಷವೊಂದನ್ನೂ ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುವುದಷ್ಟೇ ವಿತಂಡೆ ಎಂದು ಅವರು ವಿಭಾಗಿಸಿದರು. ಈ ಅಳತೆಯಿಂದ ನೋಡಿದರೆ ಸ್ಪರ್ಧೆಯ ವಕೀಲನು ಮಾಡುವುದು ಜಲ್ಪ. ಆಪಾದಿತನ ವಕೀಲನದಂತೂ ಹಲವು ಸಲ ಶುದ್ಧ ವಿತಂಡೆ. ನಡೆದದ್ದು ಹೀಗೆ ಎಂದು ಅವನು ಏನನ್ನೂ ಸ್ಥಾಪಿಸಬೇಕಾಗಿಲ್ಲ. ಅಭಿಯೋಗದ ಕಥೆಯಲ್ಲಿ ಸಮಂಜಸವಾದ ಒಂದು ಸಂಶಯವನ್ನು ತೋರಿಸಿದರೆ ಸಾಕು. ದರ್ಶನದಲ್ಲಿ ಕೀಳೆನಿಸಿದ ಈ ಮಾರ್ಗವನ್ನು ದಂಡನೀತಿ ಬುದ್ಧಿಪೂರ್ವಕವಾಗಿ ಆಪಾದಿತನ ಕೈಗೆ ಕೊಟ್ಟಿದೆ. ರುಜುವಾತಿನ ಹೊಣೆ ಸರ್ಕಾರದ್ದು ಎಂಬ ಸೂತ್ರಕ್ಕೆ ಇದಕ್ಕಿಂತ ಬೇರೆ ಅರ್ಥವಿಲ್ಲ. ರಾಜ್ಯದ ಬಲವೆಲ್ಲ ಒಂದು ಕಡೆ, ಒಬ್ಬ ಮನುಷ್ಯ ಇನ್ನೊಂದು ಕಡೆ ನಿಂತಾಗ ಅವನನ್ನು ‘ನೀನು ನಿರಪರಾಧಿಯೆಂದು ಸ್ಥಾಪಿಸು’ ಎಂದು ಕೇಳಕೂಡದು. ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ ವಿದ್ಯಾರ್ಥಿಗೂ, ಬೆಳಗ್ಗೆ ತಾನೇ ಕಟ್ಟಿದ ಆರೋಪವನ್ನು ಮಧ್ಯಾಹ್ನ ತಾನೇ ಒಡೆದು ನೋಡಿದ ವಿದ್ಯಾರ್ಥಿಗೂ ಬಹಳ ಅಂತರವುಂಟು. ಎರಡು ಪಕ್ಷಗಳನ್ನೂ ವಾದಿಸಿದವನಿಗೆ ಸತ್ಯದ ಮೇಲೆ ಅನಾದರ ಹುಟ್ಟೀತೆಂಬ ಭಯ ನಮಗಿಲ್ಲ. ಒಂದೇ ಪಕ್ಷವನ್ನು ಕೇಳಿ ತೀರ್ಮಾನಿಸುವ ಚಪಲ ಸ್ವಲ್ಪ ಕಡಮೆಯಾದೀತು.

ದೋಷಗಳಿರುವುದು ಬೇರೆ ಕಡೆ. ಸ್ಪರ್ಧೆಯಲ್ಲಿ ಗೆಲುವು ತೀರ್ಪನ್ನು ಅವಲಂಬಿಸಿಲ್ಲ. ತೀರ್ಪುಗಾರರು ಪ್ರತಿಯೊಬ್ಬ ವಕೀಲನಿಗೂ ಸಾಕ್ಷಿಗೂ ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತಾರೆ; ಆಪಾದಿತನು ತಪ್ಪಿತಸ್ಥನೆಂದು ತೀರ್ಪಾದರೂ ಅವನ ಪಕ್ಷ ಸ್ಪರ್ಧೆಯಲ್ಲಿ ಗೆಲ್ಲಬಹುದು. ಯಾವ ಕಡತದಲ್ಲಿಯೂ ಎರಡು ಪಕ್ಷಗಳು ಪೂರ್ತಿ ಸಮಬಲವಾಗಿರಲಾರವಾದ್ದರಿಂದ ಈ ನಿಯಮ ಅನಿವಾರ್ಯ. ಆದರೆ ಇದರಿಂದ ಅಭಿನಯಕ್ಕೆ ಬೆಲೆ ಏರುತ್ತದೆ. ಕಣ್ಣೀರು ತರಬಲ್ಲ ಸಾಕ್ಷಿಗೆ, ತೂಗಿ ಮಾತನಾಡುವ ಸಾಕ್ಷಿಗಿಂತ ಒಂದು ಅಂಕ ಹೆಚ್ಚು ಬಂದರೆ ಆಶ್ಚರ್ಯವಿಲ್ಲ. ಅನುಭವಿಗಳಾದ ವಕೀಲರ ನೆರವು ಸುಲಭವಾಗಿ ದೊರೆಯುವ ಶಾಲೆಗೆ ಅನುಕೂಲ ಹೆಚ್ಚೆಂಬುದೂ ಸ್ಪಷ್ಟ. ಇನ್ನೂ ಮುಖ್ಯವಾದ ಕೊರತೆಯೊಂದುಂಟು. ವಿದ್ಯಾರ್ಥಿಯು ಇಷ್ಟು ಶ್ರಮಪಟ್ಟು ಕಲಿಯುವ ವಿಚಾರಣೆಯೆಂಬುದು ಇಂದಿನ ಅಮೆರಿಕದಲ್ಲಿ ಅಪರೂಪದ ಘಟನೆ. 2012ರ ಮಿಸೌರಿ ವಿರುದ್ಧ ಫ್ರೈ ಪ್ರಕರಣದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟೇ ಗಮನಿಸಿದಂತೆ, ಒಕ್ಕೂಟದ ನ್ಯಾಯಾಲಯಗಳಲ್ಲಿ ಶೇಕಡ 97ರಷ್ಟು, ರಾಜ್ಯಗಳ ನ್ಯಾಯಾಲಯಗಳಲ್ಲಿ ಶೇಕಡ 94ರಷ್ಟು ಶಿಕ್ಷೆಗಳು ತಪ್ಪೊಪ್ಪಿಗೆಯಿಂದ ಬಂದವು; ಬಹುಮಟ್ಟಿಗೆ ಸರ್ಕಾರಿ ವಕೀಲನೊಡನೆ ನಡೆದ ಚೌಕಾಸಿಯ ಫಲ. ಪಾಟೀಸವಾಲೂ ಇಲ್ಲ, ಜ್ಯೂರಿಯೂ ಇಲ್ಲ. ಬಡವನಾದ ಆಪಾದಿತನ ಭವಿಷ್ಯ ನಿರ್ಧಾರವಾಗುವುದು ನ್ಯಾಯಾಲಯದ ಪಡಸಾಲೆಯಲ್ಲಿ. ಸ್ಪರ್ಧೆಯ ಕಡತಗಳಿಗೆ ಆ ಪಡಸಾಲೆ ಗೊತ್ತಿಲ್ಲ. ಅಣಕು ವಿಚಾರಣೆಯನ್ನು ಕಲಿಸುವ ಉಪಾಧ್ಯಾಯರು ಈ ಸಂಗತಿಯನ್ನು ಪಕ್ಕದಲ್ಲಿ ಹೇಳದಿದ್ದರೆ, ವಿದ್ಯಾರ್ಥಿಗೆ ಕಾನೂನಿನ ಉತ್ಸವಮೂರ್ತಿಯ ದರ್ಶನವಾಗುತ್ತದೆಯೇ ಹೊರತು ಮೂಲಮೂರ್ತಿಯದಲ್ಲ.

ಇಲ್ಲಿ ನಮ್ಮ ದೇಶದ ವಿಷಯವಾಗಿ ಒಂದು ಮಾತು ಹೇಳುವುದು ಅಪ್ರಸ್ತುತವಾಗಲಾರದು. ಅಮೆರಿಕದಲ್ಲಿ ಯಾವ ಪೌರನನ್ನಾದರೂ ಜ್ಯೂರಿಯ ಪೀಠಕ್ಕೆ ಕರೆಯಬಹುದಾದ್ದರಿಂದ, ಸಾಕ್ಷ್ಯವನ್ನು ತೂಗುವ ಶಿಕ್ಷಣವನ್ನು ಶಾಲೆಯಲ್ಲಿಯೇ ಕೊಡುವುದಕ್ಕೆ ಸಹಜವಾದ ಕಾರಣವುಂಟು. ನಮ್ಮಲ್ಲಿ 1959ರ ನಾನಾವತಿ ಮೊಕದ್ದಮೆಯ ಗದ್ದಲದ ಅನಂತರ ಜ್ಯೂರಿ ಪದ್ಧತಿ ಮರೆಗೆ ಸರಿಯುತ್ತ ಬಂದು, 1973ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಸ್ಥಾನವೇ ಇಲ್ಲವಾಯಿತು. ನಮ್ಮ ಶಾಲೆಗಳಲ್ಲಿ ಅಣಕು ಸಂಸತ್ತು ಬಳಕೆಯಲ್ಲಿದ್ದಷ್ಟು ಅಣಕು ವಿಚಾರಣೆ ಇಲ್ಲದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಆದರೆ ಜ್ಯೂರಿಯಿಲ್ಲದ ದೇಶದಲ್ಲಿಯೂ ಸಾಮಾನ್ಯನು ನ್ಯಾಯಾಲಯದೊಳಕ್ಕೆ ಕಾಲಿಡುವ ದಾರಿಯೊಂದು ತೆರೆದೇ ಇದೆ: ಸಾಕ್ಷಿಯ ಕಟಕಟೆ. ಅದನ್ನು ಕಂಡರೆ ನಮ್ಮ ಜನಕ್ಕೆ ಎಷ್ಟು ಭಯವೆಂಬುದನ್ನು ಹೇಳಬೇಕಾಗಿಲ್ಲ. ವ್ಯಾಜ್ಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಕಕ್ಷಿಗಾರರ ಮಟ್ಟಿಗೆ ಹುಟ್ಟಿದ್ದು. ಸಾಕ್ಷಿಗಳ ಪಾಡು ಗಾದೆಗೂ ಬಂದಿಲ್ಲ. ಸಾಕ್ಷಿಗಳ ರಕ್ಷಣೆಗೆ ಒಂದು ಯೋಜನೆಯನ್ನು ಸುಪ್ರೀಂ ಕೋರ್ಟು ಅಂಗೀಕರಿಸಿದ್ದು 2018ರಷ್ಟು ಈಚೆಗೆ. ಬೆದರಿಕೆಗೆ ಮದ್ದು ಆ ಯೋಜನೆ. ಅಪರಿಚಿತತೆಯ ಭಯಕ್ಕೆ ಮದ್ದು ಶಾಲೆಯಲ್ಲಿದೆ. ಅಮೆರಿಕದ ತಂಡದಲ್ಲಿ ಅರ್ಧ ಜನ ವಕೀಲರ ಪಾತ್ರ ವಹಿಸುತ್ತಾರೆ ಎಂಬುದನ್ನು ಎಲ್ಲರೂ ಗಮನಿಸುತ್ತಾರೆ. ಉಳಿದರ್ಧ ಜನ ಕಟಕಟೆಯಲ್ಲಿ ನಿಂತು, ಕಂಡದ್ದನ್ನು ಕಂಡಷ್ಟೇ ಹೇಳಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲವೆಂದು ಹೇಳುವುದನ್ನು ಅಭ್ಯಾಸ ಮಾಡುತ್ತಾರೆ ಎಂಬುದು ನಮಗೆ ಅಷ್ಟೇ ಮುಖ್ಯವಾಗಿ ತೋರುತ್ತದೆ. ನಮ್ಮ ಪ್ರೌಢಶಾಲೆಗಳಲ್ಲಿ ಇಂಥದೊಂದು ಪ್ರಯೋಗ ನಡೆದರೆ ಸಾಕ್ಷಿಯ ಪಾತ್ರವನ್ನೇ ಮುಂದಿಟ್ಟುಕೊಂಡು ನಡೆಯಬೇಕು.

ಈ ಸ್ಪರ್ಧೆಯ ಇತಿಹಾಸದಲ್ಲಿ ಕಾನೂನಿನ ನಿಜವಾದ ಪಾಠವೊಂದು ಕಡತದ ಹೊರಗೆ ನಡೆಯಿತು. 2005ರಲ್ಲಿ ನ್ಯೂಜೆರ್ಸಿ ರಾಜ್ಯದ ಸ್ಪರ್ಧೆಯನ್ನು ಗೆದ್ದದ್ದು ಟೀನೆಕ್ ಊರಿನ ಟೋರಾ ಅಕಾಡೆಮಿ ಎಂಬ ಯೆಹೂದಿ ಶಾಲೆಯ ತಂಡ. ರಾಷ್ಟ್ರೀಯ ಸ್ಪರ್ಧೆ ಉತ್ತರ ಕ್ಯಾರೊಲೈನದ ಶಾರ್ಲಟ್ ನಗರದಲ್ಲಿ. ಅದರ ಸುತ್ತುಗಳು ಶನಿವಾರವೂ ನಡೆಯತಕ್ಕವು. ಆಚಾರನಿಷ್ಠರಾದ ಯೆಹೂದ್ಯರಿಗೆ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿಯಾಗುವವರೆಗೆ ಸಬ್ಬತ್ತು. ಆ ಅವಧಿಯಲ್ಲಿ ಅವರು ಸ್ಪರ್ಧಿಸುವಂತಿಲ್ಲ. ಸಾಕಷ್ಟು ಒತ್ತಾಯ ನಡೆದ ಮೇಲೆ ಆ ವರ್ಷ ವೇಳೆಯನ್ನು ಹೊಂದಿಸಿಕೊಡಲಾಯಿತು. ಆದರೆ ಅದೇ ವರ್ಷ ರಾಷ್ಟ್ರೀಯ ಮಂಡಳಿಯು ಮುಂದೆ ಇಂಥ ಹೊಂದಾಣಿಕೆ ಮಾಡಕೂಡದೆಂದು ನಿರ್ಣಯಿಸಿತು. ಇದನ್ನು ಪ್ರತಿಭಟಿಸಿ ನ್ಯೂಜೆರ್ಸಿ ಮತ್ತು ಉತ್ತರ ಕ್ಯಾರೊಲೈನಗಳ ಸಂಘಟಕರು ರಾಷ್ಟ್ರೀಯ ಸ್ಪರ್ಧೆಯಿಂದ ಹೊರಬಂದರು. 2006ರಲ್ಲಿ ಬೇರೊಂದು ಸ್ಪರ್ಧೆಯೇ ಹುಟ್ಟಿಕೊಂಡಿತು.

ಮಂಡಳಿಯ ನಿಲವನ್ನು ಸುಲಭವಾಗಿ ಹಳಿಯಬಹುದು. ಆದರೆ ಅದರ ವಾದವನ್ನೂ ಕೇಳತಕ್ಕದ್ದು. ಮೊದಲ ಸುತ್ತುಗಳ ಫಲಿತಾಂಶವನ್ನು ನೋಡಿ ಸಮಬಲದ ತಂಡಗಳನ್ನು ಎದುರುಬದುರಾಗಿ ನಿಲ್ಲಿಸುವುದು ಈ ಸ್ಪರ್ಧೆಯ ಕ್ರಮ. ಒಂದು ತಂಡ ಹಿಂದೆ ಮುಂದೆ ಆಡಿದರೆ ಎಲ್ಲ ತಂಡಗಳ ಜೋಡಣೆಯೂ ಅಲ್ಲಾಡುತ್ತದೆ. ತೀರ್ಪುಗಾರರಾಗಿ ಬರುವ ವಕೀಲರೂ ನ್ಯಾಯಾಧೀಶರೂ ಸಂಬಳವಿಲ್ಲದೆ ದುಡಿಯುವವರು. ಅವರಿಗೂ ನ್ಯಾಯಾಲಯದ ಭವನಕ್ಕೂ ಬಿಡುವಿರುವುದು ವಾರಾಂತ್ಯದಲ್ಲಿ. ನಿಯಮ ಎಲ್ಲರಿಗೂ ಒಂದೇ ಆಗಿದೆ. ಯಾವ ಮತದವರನ್ನೂ ಹೆಸರಿಸಿ ಹೊರಗಿಟ್ಟಿಲ್ಲ. ಇದಕ್ಕೆ ಶಾಲೆಯವರ ಉತ್ತರ: ನಿಯಮ ಎಲ್ಲರಿಗೂ ಒಂದೇ ಆದರೂ ಅದರ ಭಾರ ಬೀಳುವುದು ಒಬ್ಬರ ಮೇಲೆ; ಗೆದ್ದು ಬಂದ ಮಕ್ಕಳು ಧರ್ಮವನ್ನಾಗಲಿ ಸ್ಪರ್ಧೆಯನ್ನಾಗಲಿ ಬಿಡಬೇಕಾಗುತ್ತದೆ.

ವಾಚಕರು ಗಮನಿಸಬೇಕಾದದ್ದೇನೆಂದರೆ, ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿಯೇ ಈ ಎರಡು ವಾದಗಳಿಗೂ ಆಧಾರವುಂಟು. 1963ರ ಶರ್ಬರ್ಟ್ ಪ್ರಕರಣದಲ್ಲಿ, ಶನಿವಾರ ಕೆಲಸಮಾಡಲೊಲ್ಲದೆ ಉದ್ಯೋಗ ಕಳೆದುಕೊಂಡ ದಕ್ಷಿಣ ಕ್ಯಾರೊಲೈನದ ಗಿರಣಿ ಕೆಲಸಗಾರ್ತಿಗೆ ನಿರುದ್ಯೋಗ ಭತ್ಯವನ್ನು ನಿರಾಕರಿಸಿದ್ದು ಸಂವಿಧಾನಕ್ಕೆ ವಿರುದ್ಧವೆಂದು ಕೋರ್ಟು ಹೇಳಿತು. 1990ರ ಸ್ಮಿತ್ ಪ್ರಕರಣದಲ್ಲಿಯಾದರೋ, ಯಾವ ಮತವನ್ನೂ ಗುರಿಯಾಗಿಟ್ಟುಕೊಳ್ಳದೆ ಎಲ್ಲರಿಗೂ ಸಮಾನವಾಗಿ ಅನ್ವಯಿಸುವ ಕಾನೂನಿಗೆ ಧರ್ಮದ ಕಾರಣದಿಂದ ವಿನಾಯಿತಿ ಕೊಡಬೇಕಾದ ಹೊಣೆ ಸಂವಿಧಾನದಿಂದ ಬರುವುದಿಲ್ಲವೆಂದು ಹೇಳಿತು. ಇವೆರಡೂ ಸರ್ಕಾರವನ್ನು ಕಟ್ಟುವ ತೀರ್ಪುಗಳು. ಸ್ಪರ್ಧೆಯ ಮಂಡಳಿ ಖಾಸಗಿ ಸಂಸ್ಥೆ. ಅದಕ್ಕೆ ಇವು ನೇರವಾಗಿ ತಗಲುವುದಿಲ್ಲ. ಆದರೆ ಸ್ಪರ್ಧೆ ನಡೆಯುವ ಭವನ ಸರ್ಕಾರದ್ದು.

ಈ ಕಡೆಯ ಸಂಗತಿಯೇ 2009ರಲ್ಲಿ ನಿರ್ಣಾಯಕವಾಯಿತು. ಆ ವರ್ಷ ಮ್ಯಾಸಚೂಸೆಟ್ಸ್ ರಾಜ್ಯವನ್ನು ಗೆದ್ದದ್ದು ಬ್ರೂಕ್‌ಲೈನಿನ ಮೈಮೊನಿಡಿಸ್ ಶಾಲೆ, ಅದೂ ಯೆಹೂದಿ ಶಾಲೆಯೇ, ಸ್ಪರ್ಧೆ ಅಟ್ಲಾಂಟದಲ್ಲಿ. ಶಾಲೆಯವರ ಬೇಡಿಕೆಯನ್ನು ಮಂಡಳಿ ತಳ್ಳಿಹಾಕಿತು. ಆಗ ನಡುವೆ ಬಂದವರು, ಯಾರ ಭವನದಲ್ಲಿ ಸ್ಪರ್ಧೆ ನಡೆಯಬೇಕಾಗಿತ್ತೋ ಆ ಫುಲ್ಟನ್ ಕೌಂಟಿಯ ಸುಪೀರಿಯರ್ ನ್ಯಾಯಾಲಯದ ಮುಖ್ಯ ನ್ಯಾಯಾಧೀಶೆ ಡೋರಿಸ್ ಡೌನ್ಸ್. ಆ ತಂಡಕ್ಕೆ ಅನುಕೂಲ ಮಾಡಿಕೊಡದೆ ಭವನವನ್ನು ಬಳಸುವಂತಿಲ್ಲವೆಂದು ಅವರು ಪಟ್ಟುಹಿಡಿದರು. ಮಂಡಳ ಇಳಿದುಬಂತು, ವೇಳಾಪಟ್ಟಿ ಬದಲಾಯಿತು, ಆ ವಿದ್ಯಾರ್ಥಿಗಳು ಸ್ಪರ್ಧಿಸಿದರು. ಮೊಕದ್ದಮೆ ಹೂಡಿ, ವಾದ ನಡೆದು, ತೀರ್ಪಾಗಲಿಲ್ಲವಾದ್ದರಿಂದ ಇದು ಪೂರ್ವನಿದರ್ಶನವಾಗಿ ಗ್ರಂಥಗಳಲ್ಲಿ ಸೇರಲಿಲ್ಲ. ಖಾಸಗಿ ಸಂಸ್ಥೆಯೊಂದು ಸರ್ಕಾರದ ಚಾವಡಿಯಲ್ಲಿ ಕುಳಿತಾಗ ಸರ್ಕಾರದ ಹೊಣೆಗಳಲ್ಲಿ ಎಷ್ಟನ್ನು ಹೊರಬೇಕೆಂಬ ಪ್ರಶ್ನೆ ಉತ್ತರವಿಲ್ಲದೆಯೇ ಉಳಿಯಿತು.

ತರಗತಿಯಲ್ಲಿ ಅಣಕು ವಿಚಾರಣೆ ನಡೆಸಬಯಸುವ ಉಪಾಧ್ಯಾಯರಿಗೆ ಈ ವಿವಾದವನ್ನೇ ಮಾದರಿಯಾಗಿಟ್ಟು ಕಲ್ಪಿತ ಹೆಸರುಗಳಿಂದ ಒಂದು ಕಡತವನ್ನು ರಚಿಸಿಕೊಳ್ಳಲು ನಾವು ಸೂಚಿಸುತ್ತೇವೆ. ಸಾಕ್ಷಿಗಳು ಆರು ಮಂದಿ ಸಾಕು. ಶಾಲೆಯ ಪರವಾಗಿ ತಂಡದ ಒಬ್ಬ ವಿದ್ಯಾರ್ಥಿನಿ, ಅವಳ ಉಪಾಧ್ಯಾಯರು, ಸಬ್ಬತ್ತಿನ ವಿಧಿಯನ್ನು ಬಲ್ಲ ಒಬ್ಬ ಪಂಡಿತರು. ಮಂಡಳಿಯ ಪರವಾಗಿ ಅದರ ಕಾರ್ಯದರ್ಶಿ, ಸುತ್ತುಗಳ ಜೋಡಣೆಯ ಲೆಕ್ಕವನ್ನು ವಿವರಿಸಬಲ್ಲ ಒಬ್ಬರು, ವೇಳೆ ಬದಲಾದರೆ ತನಗೆ ಅನ್ಯಾಯವಾಗುತ್ತದೆನ್ನುವ ಬೇರೊಂದು ತಂಡದ ನಾಯಕ. ಈ ಕಡೆಯವನ ಹೇಳಿಕೆಯನ್ನು ಬರೆಯುವಾಗ ಎಚ್ಚರ ಬೇಕು. ಅವನನ್ನು ದುಷ್ಟನನ್ನಾಗಿ ಮಾಡಿದರೆ ಮಂಡಳಿಯ ಪಕ್ಷ ವಹಿಸಿದ ವಿದ್ಯಾರ್ಥಿಗಳಿಗೆ ಹೇಳಲು ಏನೂ ಉಳಿಯುವುದಿಲ್ಲ. ಎರಡನೆಯ ದಿನ ಪಕ್ಷಗಳನ್ನು ಅದಲುಬದಲು ಮಾಡಬೇಕು.